ತೂತಿನ ತಳದ ಗ್ರೀಸು

ಕಡಲ ದಂಡೆಯ ವರ್ಕ್‌ಶಾಪುಗಳಲ್ಲಿ ಬೋಲ್ಟು ಕೂರಲು ಥ್ರೆಡ್ ಹಾಕಿದ ತೂತನ್ನು ಗ್ರೀಸಿಲ್ಲದೆ ಬಿಡುವ ಪದ್ಧತಿಯಿಲ್ಲ. ಉಪ್ಪುಗಾಳಿ ಮೊದಲು ಹಿಡಿಯುವುದು ಅಲ್ಲಿಗೇ. ಆದ್ದರಿಂದ ಥ್ರೆಡ್ ಕೊರೆಯುವ ಟ್ಯಾಪ್ ಹೊಡೆದು, ಲೋಹದ ಚೂರುಗಳನ್ನು ಊದಿ ತೆಗೆದ ಮೇಲೆ, ಕಿರುಬೆರಳಿನಲ್ಲಿ ಒಂದಿಷ್ಟು ಗ್ರೀಸು ತೆಗೆದು ತೂತಿನೊಳಗೆ ತಿರುಗಿಸಿಬಿಡುತ್ತೇವೆ. ಬೋಟಿನಲ್ಲಿ ಬಲೆ ಎಳೆಯುವ ವಿಂಚ್ ಇರಲಿ, ಗೇರ್‌ಬಾಕ್ಸಿನ ಮುಚ್ಚಳ ಇರಲಿ, ಇದು ಯಾರೂ ಹೇಳಿಕೊಡದೆ ಬರುವ ಕೆಲಸ. ಊಟ ಮುಗಿದ ಮೇಲೆ ಕೈ ತೊಳೆದ ಹಾಗೆ. ನನ್ನ ಎಡಗೈ ಕಿರುಬೆರಳಿನ ಉಗುರಿನ ಸಂದಿ ಯಾವತ್ತೂ ಕಪ್ಪು.

ತಂಗಿಯ ಕೆಲಸ ಕೆಟ್ಟದ್ದು ಈ ಬೆರಳಿನಿಂದ. ಕೆಟ್ಟದ್ದನ್ನು ಸರಿಮಾಡಬಹುದಿತ್ತು. ಅದಕ್ಕೆ ಅಡ್ಡ ಬಂದದ್ದು ನನ್ನ ಬಾಯಿ.

ನಾನು ಕೂಳೂರು ಸೇತುವೆಯ ಹತ್ತಿರ ಲೋಹ ಕಡೆಯುವ ಒಂದು ಲೇತ್ ಶಾಪಿನಲ್ಲಿ ಕೆಲಸ ಮಾಡುವವನು. ಏಳನೇ ತರಗತಿಯ ನಂತರ ಶಾಲೆಗೆ ಹೋಗಲಿಲ್ಲ. ತಂಗಿ ಓದಲಿ ಎಂದು ನಾನು ಶಾಲೆ ಬಿಟ್ಟೆನೆಂದು ಅಮ್ಮ ನೆಂಟರ ಮುಂದೆ ಹೇಳುವುದುಂಟು. ಅದು ನಿಜವಲ್ಲ. ನನಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ಬೋಟು ಕಟ್ಟುವ ಧಕ್ಕೆಯಲ್ಲಿ ತಿರುಗುವುದು ಇಷ್ಟವಿತ್ತು, ಬಿಟ್ಟೆ. ತಂಗಿ ಭೌತಶಾಸ್ತ್ರ ಓದಿ, ಡಾಕ್ಟರೇಟ್ ಮಾಡಿ, ನಗರದ ಹೊರಗಿನ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟಿನ ಹುದ್ದೆಗೆ ಸೇರಿದಳು. ಮನೆಯಲ್ಲಿ ನಾವು ತುಳು ಮಾತಾಡುವವರು, ಅವಳ ಲ್ಯಾಬಿನ ಭಾಷೆ ಇಂಗ್ಲಿಷು. ಈ ಎರಡರ ನಡುವೆ ನನಗೆ ಅರ್ಥವಾದದ್ದನ್ನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಲ್ಯಾಬಿನಲ್ಲಿ ಒಂದು ಎಲೆಕ್ಟ್ರಾನ್ ಗನ್ ಇತ್ತು. ನೋಡಲು ಬಂದೂಕಿನ ಹಾಗಿಲ್ಲ. ದಪ್ಪ ಉಕ್ಕಿನ ಕೊಳವೆಗಳನ್ನು ಬೋಲ್ಟು ಹಾಕಿ ಜೋಡಿಸಿ, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆದ ಪಾತ್ರೆ ಅದು. ಒಂದು ತುದಿಯಲ್ಲಿ ನಾಣ್ಯದ ಅಗಲದ ಲೋಹದ ಬಿಲ್ಲೆ ಇರುತ್ತದೆ. ಅದರ ಮುಖಕ್ಕೆ ಲೇಸರ್ ಬೆಳಕು ಬಿದ್ದರೆ ಎಲೆಕ್ಟ್ರಾನುಗಳು ಎದ್ದು ಹೊರಡುತ್ತವೆ. ಬೆಳಕು ಬೀಳುವ ಆ ಮುಖಕ್ಕೇ ಫೋಟೋಕ್ಯಾಥೋಡ್ ಎಂದು ಹೆಸರು. ಹೊರಟ ಎಲೆಕ್ಟ್ರಾನುಗಳನ್ನು ಹೈ ವೋಲ್ಟೇಜು ಎಳೆದುಕೊಂಡು ಹೋಗಿ ಇನ್ನೊಂದು ತುದಿಯ ಪರದೆಗೆ ಅಪ್ಪಳಿಸುತ್ತದೆ. ಪರದೆಯಲ್ಲಿ ಬೆಳಗುವ ಚುಕ್ಕೆ ಎಷ್ಟು ಸಣ್ಣದಾಗಿ, ಗುಂಡಗೆ, ಪ್ರಕಾಶವಾಗಿ ಇರುತ್ತದೋ ಕಿರಣ ಅಷ್ಟು ಒಳ್ಳೆಯದು.

"ಯಾವ ಲೋಹ ಹಾಕಿದ್ರೂ ಎಲೆಕ್ಟ್ರಾನ್ ಎಲೆಕ್ಟ್ರಾನೇ ಅಲ್ವಾ?" ಎಂದು ನಾನು ತಂಗಿಯನ್ನು ಕೇಳಿದ್ದೆ.

"ಬಿಜೈ ಬಸ್‌ಸ್ಟ್ಯಾಂಡಿನಲ್ಲಿ ಜನ ಇಳಿಯುವುದು ನೋಡಿದ್ದೀಯಲ್ಲ ಅಣ್ಣ. ಹಿಂದಿನಿಂದ ದೂಡಿದ್ರೆ ಇಳಿದವರು ಅತ್ತ ಇತ್ತ ಚದುರ್ತಾರೆ. ನಿಧಾನ ಇಳಿದ್ರೆ ಸಾಲಾಗಿ ಹೋಗ್ತಾರೆ. ಎಲೆಕ್ಟ್ರಾನ್ ಬಾಗಿಲಲ್ಲೇ ಅಡ್ಡ ಓಡಿದ್ರೆ ಮತ್ತೆ ಎಂತ ಮಾಡಿದ್ರೂ ಅದು ಚುಕ್ಕೆ ಆಗುದಿಲ್ಲ."

"ಬಾಗಿಲು ಅಂದ್ರೆ ನಿನ್ನ ಲೋಹ."

"ಹೂಂ. ಮತ್ತೆ ಬಾಗಿಲಿನ ಪಾಲಿಶು. ಅದಕ್ಕೇ ನಿನ್ನನ್ನು ಕರೆದದ್ದು."

ಬಾಗಿಲಿಗೆ ಎರಡು ಆಯ್ಕೆಗಳಿದ್ದವು. ಒಂದು ಬರಿಯ ತಾಮ್ರ. ತಾಮ್ರದ್ದು ಗಟ್ಟಿ ಜೀವ, ಒಳಗಿನ ಶೂನ್ಯ, ಅಂದರೆ ಗಾಳಿಯಿಲ್ಲದ ಸ್ಥಿತಿ, ಸ್ವಲ್ಪ ಕೆಟ್ಟರೂ ಸಹಿಸುತ್ತದೆ. ಆದರೆ ಎಲೆಕ್ಟ್ರಾನು ಬಿಟ್ಟುಕೊಡುವುದರಲ್ಲಿ ಮಹಾ ಜಿಪುಣ. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನೇ ಜೋರಾಗಿ ಬೀಳಿಸಬೇಕು. ಅವರಲ್ಲಿದ್ದ ಹಸಿರು ಲೇಸರನ್ನು ಹರಳಿನ ಮೂಲಕ ಹಾಯಿಸಿ ನೇರಳಾತೀತ ಮಾಡುವಾಗ ಅದರ ಗುಂಡು ಮುಖ ಒಡೆದು ಕಲೆಕಲೆಯಾಗುತ್ತಿತ್ತು. ಬೆಳಕು ಹೇಗೆ ಬೀಳುತ್ತದೋ ಕಿರಣವೂ ಹಾಗೆಯೇ ಹೊರಡುತ್ತದೆ.

ಇನ್ನೊಂದು ತಂಗಿಯ ಆಯ್ಕೆ. ಮಾಲಿಬ್ಡಿನಮ್ ಎಂಬ ಗಡಸು ಲೋಹದ ಬಿಲ್ಲೆಯನ್ನು ಕನ್ನಡಿಯಂತೆ ನಯಮಾಡಿ, ಶೂನ್ಯದೊಳಗೇ ಅದರ ಮೇಲೆ ಆಂಟಿಮನಿ, ಪೊಟ್ಯಾಸಿಯಂ, ಸೀಸಿಯಂಗಳ ಆವಿಯನ್ನು ತೆಳ್ಳಗೆ ಕೂರಿಸುವುದು. ಆ ಲೇಪಕ್ಕೆ ಹಸಿರು ಬೆಳಕೇ ಸಾಕು, ಅದೂ ಒಂದಿಷ್ಟು. ಎಲೆಕ್ಟ್ರಾನುಗಳು ಧಾರಾಳವಾಗಿ ಬರುತ್ತವೆ, ಹೆಚ್ಚು ಚದುರದೆ ಬರುತ್ತವೆ. ಆದರೆ ಲೇಪಕ್ಕೆ ಮಡಿ ಜಾಸ್ತಿ. ನೀರಿನ ಪಸೆಯಾಗಲಿ ಎಣ್ಣೆಯ ಆವಿಯಾಗಲಿ ಸೋಕಿದರೆ ಸತ್ತುಹೋಗುತ್ತದೆ.

ಪ್ರಾಜೆಕ್ಟಿನ ಮುಖ್ಯಸ್ಥರನ್ನು ಎಲ್ಲರೂ ಸರ್ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಮೊದಲ ದಿನ ಅವರು ನನ್ನ ಕೈಗಳನ್ನು ನೋಡಿದರು, ಆಮೇಲೆ ತಂಗಿಯನ್ನು.

"ನಿಮ್ಮ ಅಣ್ಣ ಎಷ್ಟು ಓದಿದ್ದಾರೆ?"

"ಏಳನೇ ಕ್ಲಾಸ್ ಸರ್. ಅದೂ ಫೇಲ್," ಎಂದಳು ತಂಗಿ. "ಆದರೆ ಬಿಲ್ಲೆಯ ಜವಾಬ್ದಾರಿ ನನ್ನದು. ಅಣ್ಣ ಮಾಡಿದ್ದಕ್ಕೆ ನಾನು ಸಹಿ ಹಾಕ್ತೇನೆ."

ಸರ್ ನಕ್ಕರು. ನಾನೂ ನಕ್ಕೆ. ಅವಳ ಮಾತಿನ ಭಾರ ಆಗ ನನಗೆ ತಿಳಿಯಲಿಲ್ಲ.

ಮೊದಲ ಬಿಲ್ಲೆಯನ್ನು ಬೇಸಿಗೆಯಲ್ಲಿ ಮಾಡಿದೆ. ಮಾಲಿಬ್ಡಿನಮ್ ತುಂಬಾ ಬಿರುಸು, ಟೂಲಿನ ಅಂಚನ್ನು ತಿನ್ನುತ್ತದೆ, ಅವಸರ ಮಾಡಿದರೆ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಬಿಲ್ಲೆಯ ಹಿಂಬದಿಗೆ ಒಂದು ಕುರುಡು ತೂತು, ಅಂದರೆ ಆಚೆ ತೆರೆಯದ ತೂತು, ಅದರೊಳಗೆ ಥ್ರೆಡ್. ಶೂನ್ಯದೊಳಗೆ ಬಿಲ್ಲೆಯನ್ನು ಹಿಡಿದು ಸಾಗಿಸುವ ಕೋಲು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗೆ ಗಾಳಿ ಸಿಕ್ಕಿಬೀಳದಂತೆ ಪಕ್ಕದಿಂದ ಸೂಜಿತೂತು ಕೊರೆಯಬೇಕಿತ್ತು, ಕೊರೆದೆ. ಟ್ಯಾಪಿಗೆ ಎಣ್ಣೆ ಬೇಡವೆಂದು ತಂಗಿ ಸ್ಪಿರಿಟ್ ಕೊಟ್ಟಿದ್ದಳು, ಗ್ರೀಸಿನ ಡಬ್ಬಿಯನ್ನು ಆ ದಿನ ದೂರ ಇಟ್ಟಿದ್ದೆ. ಆಮೇಲೆ ಮುಖ. ಎಮ್ರಿ ಕಾಗದ, ಅದಾದ ಮೇಲೆ ಬಟ್ಟೆಯ ಮೇಲೆ ವಜ್ರದ ಪೇಸ್ಟ್, ಒಂದಕ್ಕಿಂತ ಒಂದು ನಯ. ಪ್ರತಿ ಸಲ ಪೇಸ್ಟ್ ಬದಲಿಸುವಾಗ ಕೈ, ಬಿಲ್ಲೆ, ಮೇಜು ಎಲ್ಲ ತೊಳೆಯಬೇಕು. ಹಿಂದಿನ ಪೇಸ್ಟಿನ ಒಂದು ಕಣ ಉಳಿದರೂ ಗೀರು ಬೀಳುತ್ತದೆ, ಗೀರಿನ ಅಂಚಿನಲ್ಲಿ ಎಲೆಕ್ಟ್ರಾನು ಅಡ್ಡ ಹಾರುತ್ತದೆ.

ಉಳ್ಳಾಲದ ಒಬ್ಬ ತಂಡೇಲ ನಮ್ಮ ಶಾಪಿನ ಹಳೆಯ ಗಿರಾಕಿ. ತಂಡೇಲ ಎಂದರೆ ಬೋಟು ನಡೆಸುವವನು. ನಾನು ಬಿಲ್ಲೆಯನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತು ನೋಡಿದ.

"ಎಂತ ಮಾರಾಯ, ಹೆಣ್ಣು ನೋಡ್ಲಿಕ್ಕೆ ಹೋದಾಗಲೂ ನೀನು ಇಷ್ಟು ನೋಡಿರಲಿಕ್ಕಿಲ್ಲ."

"ಇದರಲ್ಲಿ ಗೀರು ಇದ್ರೆ ತಂಗಿ ವಾಪಸು ಕಳಿಸ್ತಾಳೆ."

"ಹಾಗಾದ್ರೆ ನಿನ್ನ ಹೆಂಡತಿಗೆ ಮೋಸ ಆಗಿದೆ. ನಿನ್ನನ್ನು ವಾಪಸು ಕಳಿಸ್ಲಿಕ್ಕೆ ಯಾರೂ ಹೇಳಿಕೊಡ್ಲಿಲ್ಲ ಪಾಪ."

ಆ ಬಿಲ್ಲೆಯ ಮೇಲೆ ಲೇಪ ಚೆನ್ನಾಗಿ ಕೂತಿತು. ಕಿಟಕಿಯ ಗಾಜಿನಿಂದ ನಾನೂ ನೋಡಿದೆ. ಬೆಳ್ಳಿಯಂತಿದ್ದ ಮುಖ ಮೆಲ್ಲಗೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಹಸಿರು ಬೆಳಕು ಬಿಟ್ಟಾಗ ಪರದೆಯಲ್ಲಿ ಸಾಸಿವೆಕಾಳಿನಷ್ಟು ಚುಕ್ಕೆ ಎದ್ದಿತು. ತಂಗಿ ನನ್ನ ತೋಳು ಹಿಡಿದುಕೊಂಡಳು. ಬಾಲ್ಯದಲ್ಲಿ ದೊಡ್ಡ ಅಲೆ ಬರುವಾಗ ಹಾಗೆ ಹಿಡಿದುಕೊಳ್ಳುತ್ತಿದ್ದಳು. ಲೇಪ ಬಹಳ ದಿನ ಬಾಳಿತು.

ಇನ್ನೂ ನಯವಾದ ಎರಡನೇ ಬಿಲ್ಲೆ ಬೇಕೆಂದಳು. ಮಳೆಗಾಲ ಮುಗಿಯುವ ಮುನ್ನ ಪ್ರಾಜೆಕ್ಟನ್ನು ಪರಿಶೀಲಿಸಲು ಹೊರಗಿನ ತಜ್ಞರು ಬರುವವರಿದ್ದರು. ಅವರು ಬರುವುದರೊಳಗೆ ಗನ್ನಿಗೆ ತಾಮ್ರವೋ ಲೇಪವೋ ಎಂದು ತೀರ್ಮಾನವಾಗಬೇಕಿತ್ತು. ಲೇಪ ಎಂದಾದರೆ ಮುಂದಿನ ಹಂತದ ಕೆಲಸ ತಂಗಿಯದು, ಹುದ್ದೆಯೂ ಮುಂದುವರಿಯುತ್ತದೆ. ತಾಮ್ರವಾದರೆ ಅದಕ್ಕೆ ಅವಳ ಅಗತ್ಯವಿರಲಿಲ್ಲ.

ಅದು ಜುಲೈ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ನೀರಿಗಿಳಿಯುವ ಮುಂಚಿನ ದಿನಗಳಲ್ಲಿ ನಮ್ಮ ಶಾಪಿನಲ್ಲಿ ಉಸಿರಾಡಲು ಪುರಸೊತ್ತು ಇರುವುದಿಲ್ಲ. ತಂಡೇಲನ ವಿಂಚಿನ ಶಾಫ್ಟ್ ಲೇತಿನ ಮೇಲಿತ್ತು. ಅವನು ಸ್ಟೂಲು ಹಾಕಿ ಕೂತೇ ಬಿಟ್ಟಿದ್ದ.

"ನನ್ನ ಬೋಟು ಇಳಿಯದಿದ್ರೆ ನಿನ್ನ ಊಟಕ್ಕೆ ಬೆಂಡೆಕಾಯಿಯೇ ಗತಿ, ಬಂಗುಡೆ ಮೀನಲ್ಲ. ನೆನಪಿರ್ಲಿ."

ಶಾಫ್ಟಿನ ತುದಿಯ ಅಗಲ ಬಳೆಗೆ, ಅಂದರೆ ಫ್ಲ್ಯಾಂಜಿಗೆ, ಒಂದಾದ ಮೇಲೊಂದು ತೂತು ಕೊರೆದು, ಟ್ಯಾಪ್ ಹೊಡೆದು, ಗ್ರೀಸು ಹಾಕುತ್ತಿದ್ದೆ. ನಡುವೆ ಬಿಡುವು ಮಾಡಿಕೊಂಡು ತಂಗಿಯ ಬಿಲ್ಲೆಗೂ ಟ್ಯಾಪ್ ಹೊಡೆದೆ. ಚೂರು ಊದಿದೆ. ಕಿರುಬೆರಳು ತಾನಾಗಿ ಡಬ್ಬಿಗೆ ಹೋಯಿತು, ತೂತಿಗೆ ಬಂತು, ತಿರುಗಿತು. ತಿರುಗುತ್ತಿದ್ದಾಗಲೇ ನೋಡಿದೆ.

ಕೂಡಲೇ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದೆ. ಪೆಟ್ರೋಲಿನಲ್ಲಿ ಅದ್ದಿದೆ, ಮತ್ತೆ ಒರೆಸಿದೆ. ಕೊನೆಯ ಹತ್ತಿ ಬಿಳಿಯಾಗಿಯೇ ಹೊರಬಂತು. ಆದರೆ ಕುರುಡು ತೂತಿನ ತಳದಲ್ಲಿ, ಟ್ಯಾಪಿನ ಮೂತಿ ತಲುಪದ ಕಡೆ, ಒಂದು ಚೂಪು ಗುಂಡಿ ಉಳಿಯುತ್ತದೆ. ಡ್ರಿಲ್ಲಿನ ತುದಿಯ ಆಕಾರದ್ದು. ಅಲ್ಲಿಗೆ ಹತ್ತಿ ಹೋಗುವುದಿಲ್ಲ. ಅದು ನನಗೆ ಗೊತ್ತಿತ್ತು. ಲ್ಯಾಬಿನಲ್ಲಿ ಹೇಗೂ ಅಸಿಟೋನಿನಲ್ಲಿ ತೊಳೆಯುತ್ತಾರಲ್ಲ ಎಂದುಕೊಂಡೆ. ಆಮೇಲೆ ಮುಖಕ್ಕೆ ಪಾಲಿಶು ಮಾಡಿದೆ. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಮುಖ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ಲ್ಯಾಬಿನಲ್ಲಿ ತೊಳೆದರು. ಆದರೆ ಅದು ಬೋಟಿನ ಗ್ರೀಸು, ಸಮುದ್ರದ ನೀರಿಗೇ ಬಿಡದೆ ಹಿಡಿದುಕೊಳ್ಳುವಂಥದ್ದು.

ಲೇಪ ಹಾಕಿದ ದಿನ ಬಣ್ಣ ಸರಿಯಾಗಿಯೇ ಬಂತು. ಚುಕ್ಕೆ ಮೊದಲಿನದಕ್ಕಿಂತಲೂ ಸಣ್ಣದಾಗಿತ್ತು. ಮರುದಿನ ಸಂಜೆಗೆ ಮಂಕಾಯಿತು. ಬಿಲ್ಲೆಯನ್ನು ಕಾಯಿಸಿ ಹಳೆ ಲೇಪ ತೆಗೆದು ಹೊಸದಾಗಿ ಹಾಕಿದರು, ಅದೂ ಹಾಗೆಯೇ ಸತ್ತಿತು. ಬೇಸಿಗೆಯ ಬಿಲ್ಲೆಯನ್ನು ಒಳಗೆ ಹಾಕಿ ನೋಡಿದರೆ ಅದರ ಲೇಪವೂ ನಿಲ್ಲಲಿಲ್ಲ. ಪಾತ್ರೆಯೊಳಗೆ ಉಳಿದ ಆವಿಗಳಲ್ಲಿ ಏನೇನಿದೆ ಎಂದು ತೋರಿಸುವ ಒಂದು ಯಂತ್ರ ಅಲ್ಲಿತ್ತು. ಅದರ ಪರದೆಯಲ್ಲಿ ಬಾಚಣಿಗೆಯ ಹಲ್ಲುಗಳ ಹಾಗೆ ಸಾಲು ಗೆರೆಗಳು ಎದ್ದಿದ್ದವು.

"ಇದು ಎಣ್ಣೆ ಅಣ್ಣ," ಎಂದಳು ತಂಗಿ. "ಎಲ್ಲಿಂದಲೋ ಎಣ್ಣೆ ಬರ್ತಾ ಉಂಟು. ಹಳೆ ಬಿಲ್ಲೆಯೂ ಸತ್ತದ್ದು ನೋಡಿದ್ರೆ ಪಂಪಿನದ್ದೇ ಇರ್ಬೇಕು."

ಹೊಸ ಬಿಲ್ಲೆಯಿಂದ ಎದ್ದ ಆವಿ ಅಷ್ಟರಲ್ಲಿ ಪಾತ್ರೆಯ ಗೋಡೆಗೆಲ್ಲ ಕೂತಿತ್ತು, ಹಳೆಯದನ್ನೂ ಅದೇ ಕೊಂದಿತ್ತು. ಇದು ನನಗೆ ಆ ಕ್ಷಣದಲ್ಲಿ ಪೂರ್ತಿ ಅರ್ಥವಾಗಿತ್ತು ಎಂದು ಹೇಳಲಾರೆ. ಎಣ್ಣೆ ಎಂಬ ಮಾತಿಗೆ ನನ್ನ ಬೆರಳು ಮುಷ್ಟಿಯೊಳಗೆ ಹೋದದ್ದಂತೂ ನಿಜ.

ಪಂಪನ್ನು ಬಿಚ್ಚಿದರು. ಬಿಚ್ಚಲು ನಾನೇ ಸ್ಪ್ಯಾನರ್ ಹಿಡಿದು ಹೋದೆ. ಎಣ್ಣೆಯ ಆವಿಯನ್ನು ತಡೆಯುವ ಬಲೆ ಬದಲಿಸಿದೆವು. ಕೊಳವೆಗಳಿಗೆ ಹೀಟರಿನ ಪಟ್ಟಿ ಸುತ್ತಿ, ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ ದಿನಗಟ್ಟಲೆ ಕಾಯಿಸಿದೆವು. ಹಾಳೆ ಹೊದಿಸುವಾಗ ತಂಗಿ ಆಚೆ ಬದಿ, ನಾನು ಈಚೆ ಬದಿ. ಇಲ್ಲದ ತಪ್ಪನ್ನು ಅವಳು ಪಂಪಿನಲ್ಲಿ ಹುಡುಕುತ್ತಿದ್ದಳು, ನಾನು ಅವಳಿಗೆ ಟಾರ್ಚ್ ಹಿಡಿದೆ.

ಕಾಯಿಸಿದ ಮೇಲೆ ಬಾಚಣಿಗೆಯ ಹಲ್ಲುಗಳು ತಗ್ಗಿದವು. ಎಲ್ಲರೂ ಉಸಿರು ಬಿಟ್ಟರು. ಹೊಸ ಬಿಲ್ಲೆಯನ್ನು ಮತ್ತೆ ಒಳಗಿಟ್ಟು, ಕಾಯಿಸಿ, ಲೇಪ ಹಾಕಿದರು. ಬಿಲ್ಲೆ ಕಾಯುವಾಗಲೇ ಹಲ್ಲುಗಳು ಪುನಃ ಎದ್ದಿದ್ದವು, ಹಾಕಿದ ಲೇಪವೂ ಸತ್ತಿತು.

ಆಗ ತಂಗಿ ಪರದೆಯಿಂದ ಕಣ್ಣು ಕಿತ್ತಳು. ಆಮೇಲೆ ನನ್ನ ಕಡೆ ತಿರುಗಿದಳು. ಸರ್ ಅವಳ ಬೆನ್ನ ಹಿಂದೆಯೇ ಇದ್ದರು.

"ಅಣ್ಣ, ಹಿಂದಿನ ತೂತಿಗೆ ಎಂತಾದ್ರೂ ಹಾಕಿದ್ದುಂಟಾ?"

"ಇಲ್ಲ," ಎಂದೆ.

"ಟ್ಯಾಪ್ ಹೊಡೆಯುವಾಗ?"

"ನೀನು ಕೊಟ್ಟ ಸ್ಪಿರಿಟ್ ಮಾತ್ರ."

ಸರ್ ಕೇಳಿದರು, "ಒಮ್ಮೆ ಹೊರಗೆ ತೆಗೆದು ನೋಡುವುದಾ?"

ತೆಗೆದು, ನೋಡಿ, ಮತ್ತೆ ಒಳಗಿಟ್ಟು ಕಾಯಿಸುವಷ್ಟರಲ್ಲಿ ತಜ್ಞರು ಬಂದಿರುತ್ತಿದ್ದರು. ತಂಗಿ ತಲೆ ಅಲ್ಲಾಡಿಸಿದಳು. "ಬೇಡ ಸರ್. ಅಣ್ಣ ಇಲ್ಲ ಅಂದ್ರೆ ಇಲ್ಲ. ಕಾವಿಗೆ ಪಾತ್ರೆಯ ಗೋಡೆಯಿಂದಲೇ ಏಳ್ತಾ ಇರ್ಬೇಕು."

ನಾನು ಯಾಕೆ ಹಾಗೆ ಹೇಳಿದೆ ಎಂದು ಬಹಳ ಯೋಚಿಸಿದ್ದೇನೆ. ಸರ್ ಎದುರಿಗಿದ್ದರು, ತಂಗಿಯ ಮಾನ ಹೋಗುತ್ತದೆ ಎಂದು ಹೇಳಿದೆ ಎಂಬುದು ನಾನು ನನಗೆ ಕೊಟ್ಟುಕೊಂಡ ಕಾರಣ. ಆದರೆ ಅದೇ ಸಂಜೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಬಂದೆ. ದಾರಿಯಲ್ಲಿ ಸರ್ ಇರಲಿಲ್ಲ. ಸೇತುವೆಯ ಮೇಲೆ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು, ಮಳೆಯಲ್ಲಿ ಒಂದೇ ರೈನ್‌ಕೋಟಿನ ಅಂಚು ಹಿಡಿದು, ಬಹಳ ಹೊತ್ತು ನಿಂತಿದ್ದೆವು. ಅವಳು ನನ್ನ ಬೆನ್ನಿಗೆ ಹಣೆ ಒರಗಿಸಿದ್ದಳು. ಆಗಲೂ ನಾನು ಹೇಳಲಿಲ್ಲ. ಆದ್ದರಿಂದ ಕಾರಣ ಸರ್ ಅಲ್ಲ, ತಂಗಿಯ ಮಾನವೂ ಅಲ್ಲ. ಆ ಲ್ಯಾಬಿನಲ್ಲಿ ನನಗೆ ಕುರ್ಚಿ ಕೊಡುತ್ತಿದ್ದರು. ಬಿಲ್ಲೆಯ ಮುಖ ನೋಡಿ ಡಾಕ್ಟರೇಟ್ ಮಾಡಿದವರು ನನ್ನನ್ನು ಹೊಗಳಿದ್ದರು. ಆ ಕುರ್ಚಿಯಿಂದ ಏಳಲು ನನಗೆ ಮನಸ್ಸಿರಲಿಲ್ಲ.

ತೀರ್ಮಾನ ಆದದ್ದು ಲ್ಯಾಬಿನ ಚಹದ ಮೇಜಿನ ಸುತ್ತ. ಇರಲಿ ಎಂದು ಮಾಡಿಸಿದ್ದ ತಾಮ್ರದ ಬಿಲ್ಲೆಯನ್ನು ಕೊಡಲು ಹೋಗಿದ್ದರಿಂದ ನಾನೂ ಅಲ್ಲಿದ್ದೆ.

"ವಸ್ತು ಒಳ್ಳೆಯದೇ ಇರಬಹುದು," ಎಂದರು ಸರ್. "ನಮ್ಮ ಮನೆಗೆ ಹೊಂದಬೇಕಲ್ಲ. ಬೇಸಿಗೆಯಲ್ಲಿ ಬಾಳಿದ್ದು ಮಳೆಗಾಲದಲ್ಲಿ ನಿಲ್ಲಲಿಲ್ಲ. ಈ ಊರಿನ ತೇವ, ಈ ಹಳೆಯ ಪಾತ್ರೆ. ನೀವೇ ಹೇಳಿ."

ಅವರು ತಂಗಿಯ ಬಾಯಿಂದಲೇ ಬರಲಿ ಎಂದು ಕಾದರು. ಒಳ್ಳೆಯ ಮನುಷ್ಯ. ತಂಗಿ ಲೋಟದಲ್ಲಿ ಚಹದ ಕೆನೆಯನ್ನು ಬೆರಳಿನಿಂದ ಬದಿಗೆ ಸರಿಸಿದಳು.

"ತಾಮ್ರ ಹಾಕುವ ಸರ್."

ತಾಮ್ರದ ಬಿಲ್ಲೆ ಹಾಕಿದರು. ತಜ್ಞರಿಗೆ ತೋರಿಸಿದರು. ಪರದೆಯಲ್ಲಿ ಎದ್ದದ್ದು ನೀರು ಬಿದ್ದ ಶಾಯಿಯಂಥ ಒಂದು ಕಲೆ. ಕೆಲಸಕ್ಕೆ ಆಗುವಂಥದ್ದೇ, ಯಾರೂ ತಪ್ಪು ಹೇಳಲಿಲ್ಲ. ಈ ಲೇಪ ಇಲ್ಲಿನ ಪರಿಸ್ಥಿತಿಯಲ್ಲಿ ಬಾಳುವುದಿಲ್ಲ ಎಂದು ತಂಗಿ ತನ್ನ ವರದಿಯಲ್ಲಿ ಬರೆದು ಸಹಿ ಹಾಕಿದಳು. ಅವಧಿ ಮುಗಿದಾಗ ಹುದ್ದೆಯೂ ಮುಗಿಯಿತು. ಹೊರಡುವ ದಿನ ಮಾಲಿಬ್ಡಿನಮ್ ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟಳು. "ನಿನ್ನ ಬೆಸ್ಟ್ ಪಾಲಿಶ್ ಅಲ್ವಾ, ನೀನೇ ಇಟ್ಟುಕೋ." ಅದರ ಹಿಂಬದಿಯನ್ನು ಅವಳು ತಿರುಗಿಸಿ ನೋಡಿರಲಿಲ್ಲ. ನಾನು ಮನೆಗೆ ತಂದು, ಸೂಜಿ ಹಾಕಿ ಕೆರೆದು ನೋಡಿದೆ. ತಳದಲ್ಲಿ ಕಪ್ಪಗೆ, ಸುಟ್ಟು ಅಂಟಿಕೊಂಡಿತ್ತು. ಅರ್ಧ ಕೆರೆದು ನಿಲ್ಲಿಸಿದೆ. ಪೂರ್ತಿ ಕೆರೆದರೆ ಸಾಕ್ಷಿಯನ್ನೇ ತೊಳೆದು ಹಾಕಿದ ಹಾಗಾಗುತ್ತಿತ್ತು.

ತಂಗಿ ಈಗ ಮದುವೆಯಾಗಿ ಬಿಜೈಯಲ್ಲಿದ್ದಾಳೆ, ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಚೆನ್ನಾಗಿ ಮಾಡುತ್ತಾಳಂತೆ. ಆ ಮಾತು ನನ್ನ ಮುಂದೆ ಯಾರಾದರೂ ಹೇಳಿದರೆ ಎದ್ದು ಹೊರಗೆ ಹೋಗುತ್ತೇನೆ. ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಅವಳ ಮನೆಯಲ್ಲಿ ಊಟ. ಬಂಗುಡೆಯ ಪುಳಿಮುಂಚಿ ಮಾಡಿದ್ದಳು. ಅವಳ ಗಂಡ ಯಾವುದೋ ಮಾತಿಗೆ ಹಳೆಯ ಲ್ಯಾಬಿನ ಸುದ್ದಿ ತೆಗೆದರು. ತಂಗಿ ನಗುತ್ತಾ ಹೇಳಿದಳು:

"ನನ್ನದೇ ಹಟ ಅದು. ಈ ಊರಿಗೆ ಆಗದ ವಸ್ತುವನ್ನು ಹಿಡಿದುಕೊಂಡು ಅಷ್ಟು ಜನರನ್ನು ಕುಣಿಸಿದೆ. ಮಳೆಗಾಲದಲ್ಲಿ ಅಣ್ಣನನ್ನೂ ಪಾಪ ಪಂಪ್ ಬಿಚ್ಚಿಸಿದೆ."

ಅವಳು ಕೆಲಸ ಕಳೆದುಕೊಂಡದ್ದನ್ನು ಇಷ್ಟು ವರ್ಷ ಸಹಿಸಿಕೊಂಡಿದ್ದೆ. ತಪ್ಪನ್ನೂ ಅವಳು ತನ್ನ ಹೆಸರಿಗೆ ಬರೆದುಕೊಂಡದ್ದನ್ನು ಕೇಳಿ ಅರ್ಧ ಊಟಕ್ಕೇ ಎದ್ದೆ. ಮರುವಾರ ಬಿಲ್ಲೆಯನ್ನು ಕಿಸೆಯಲ್ಲಿ ಹಾಕಿಕೊಂಡು ಹೋದೆ. ಅವಳೊಬ್ಬಳೇ ಇದ್ದಳು. ಮೇಜಿನ ಮೇಲೆ ಬಿಲ್ಲೆಯನ್ನು ಮುಖ ಅಡಿಯಾಗಿ ಇಟ್ಟು, ಒಂದು ಸೂಜಿ ಕೊಟ್ಟೆ.

"ತಳ ಕೆರೆದು ನೋಡು."

ಅವಳು ಕೆರೆದಳು. ಸೂಜಿಯ ತುದಿಯನ್ನು ಬೆರಳಿಗೆ ಒರೆಸಿಕೊಂಡು ಉಜ್ಜಿದಳು, ಮೂಸಿದಳು.

"ಗ್ರೀಸು," ಎಂದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ತಂಡೇಲನ ಶಾಫ್ಟು, ಡಬ್ಬಿ, ಕಿರುಬೆರಳು, ಹತ್ತಿ ತಲುಪದ ಗುಂಡಿ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವ ಮೊದಲೇ ಅವಳು ಎದ್ದು ನಿಂತಿದ್ದಳು. ಹೊಡೆಯುತ್ತಾಳೇನೋ ಎಂದುಕೊಂಡೆ. ಅವಳ ಕಣ್ಣುಗಳು ಹೊಳೆಯುತ್ತಿದ್ದವು.

"ಹಾಗಾದ್ರೆ ಲೇಪ ಸರಿ ಇತ್ತು ಅಣ್ಣ. ಊರಿನದ್ದೂ ಎಂತ ಇಲ್ಲ, ಪಾತ್ರೆಯದ್ದೂ ಎಂತ ಇಲ್ಲ. ನಾನು ಆರಿಸಿದ್ದು ಸರಿ ಇತ್ತು."

ಅಷ್ಟು ವರ್ಷಗಳ ಮೇಲೆ ಆ ಸಾಸಿವೆಕಾಳು ಪುನಃ ಅವಳ ಮುಖದಲ್ಲಿ ಬೆಳಗಿದ್ದನ್ನು ನೋಡಿದೆ. ಒಂದು ನಿಮಿಷ ಇದ್ದಿರಬಹುದು. ಆಮೇಲೆ ಅವಳು ಕೂತಳು. ಬಿಲ್ಲೆಯನ್ನು ತಿರುಗಿಸಿ ಅದರ ಮುಖದಲ್ಲಿ ತನ್ನ ಮುಖ ನೋಡಿಕೊಂಡಳು.

"ನಾನು ಕೇಳಿದ ದಿನ ನೀನು ಹೂಂ ಅಂದಿದ್ರೆ ಎಂತ ಆಗ್ತಿತ್ತು, ಗೊತ್ತುಂಟಾ?"

ಕೇಳಿ, ಅವಳೇ ಬಿಲ್ಲೆಯನ್ನು ಮುಖ ಮೇಲಾಗಿ ಮೇಜಿನ ಮೇಲಿಟ್ಟಳು.

"ಒಂದು ವಾರ ನಿನ್ನನ್ನು ಬೈತಿದ್ದೆ. ತಜ್ಞರ ಹತ್ತಿರ ಸರ್ ಸ್ವಲ್ಪ ಸಮಯ ಕೇಳ್ತಿದ್ರು. ಎಲ್ಲ ಬಿಚ್ಚಿ, ತೊಳೆದು, ಕಾಯಿಸಿ, ಬೇಸಿಗೆಯ ಬಿಲ್ಲೆ ಹಾಕ್ತಿದ್ದೆವು. ಅಷ್ಟೇ ಅಣ್ಣ."

ಹಳೆಯ ವರದಿಯನ್ನು ತಿದ್ದಬೇಕೆಂದು ಸರ್‌ಗೆ ಫೋನು ಮಾಡುತ್ತೇನೆ ಎಂದಳು. ಅವರೀಗ ನಿವೃತ್ತರು, ತಿದ್ದಿದರೂ ಓದುವವರು ಯಾರೋ ಗೊತ್ತಿಲ್ಲ ಎಂದೂ ಅವಳೇ ಹೇಳಿದಳು. ಬಿಲ್ಲೆಯನ್ನು ತನ್ನ ಹತ್ತಿರವೇ ಇಟ್ಟುಕೊಂಡಳು. ನನಗೆ ಚಹ ಮಾಡಿಕೊಟ್ಟಳು, ಸಕ್ಕರೆ ಸರಿಯಿದೆಯಾ ಎಂದು ಕೇಳಿದಳು, ಬಾಗಿಲವರೆಗೆ ಬಂದು ಸ್ಕೂಟರ್ ನಿಧಾನ ಬಿಡು ಎಂದಳು.

ಅದಾದ ಮೇಲೆಯೂ ಭಾನುವಾರ ಹೋಗುತ್ತೇನೆ. ಬಡಿಸುತ್ತಾಳೆ, ಮಾತಾಡುತ್ತಾಳೆ. ಆದರೆ ಆ ಒಂದು ವಾರದ ಬೈಗುಳ ಇನ್ನೂ ಬಂದಿಲ್ಲ. ಪ್ರತಿ ಸಲ ಅವಳ ಮನೆಯ ಗಂಟೆ ಒತ್ತುವಾಗ, ಇವತ್ತು ಶುರುವಾಗಲಿ ಎಂದುಕೊಂಡು ನಿಲ್ಲುತ್ತೇನೆ.